ಬಳ್ಳಿಗೆ ಚಪ್ಪರ

ಮಡಂತ್ಯಾರು, ೧೯೭೮

ಅಮ್ಮಾ,

ನೀನು ತೀರಿಕೊಂಡ ಮೇಲೂ ನಿನಗೆ ವರದಿ ಒಪ್ಪಿಸುವ ಅಭ್ಯಾಸ ಹೋಗಿಲ್ಲ.

ನಿನ್ನೆ ನನ್ನ ಬಯಕೆಯ ಶಾಸ್ತ್ರವಾಯಿತು. ಹೆಂಗಸರು ಮಡಿಲು ತುಂಬಿ ಹಾಡಿದರು: ಬಸುರಿ ಬಳ್ಳಿಯಂತೆ, ಮಗು ಸೋರೆಕಾಯಿಯಂತೆ, ಬಳ್ಳಿಗೆ ಕಾಯಿ ಭಾರವೇ? ಶಾಲೆಯಲ್ಲಿ ಇಂಥ ಉಪಮೆಗಳನ್ನು ನಾನೇ ಹೊಗಳಿ ಪಾಠ ಮಾಡುತ್ತೇನೆ. ನಿನ್ನೆ ಸೊಂಟ ನೋಯುತ್ತಿತ್ತು. ಸಂತೋಷವೂ ಇತ್ತು, ಎದ್ದು ಹೋಗಿಬಿಡುವ ಮನಸ್ಸೂ ಇತ್ತು. ಹಾಡಿನಲ್ಲಿ ಎರಡನೆಯದಕ್ಕೆ ಜಾಗವಿರಲಿಲ್ಲ.

ನಿನ್ನ ಅಕ್ಕ, ನೀಲಾವತಿ ದೊಡ್ಡಮ್ಮ, ನಡುವೆಯೇ, “ಭಾರ ಇಲ್ಲದಿದ್ರೆ ನಾವು ಚಪ್ಪರ ಯಾಕೆ ಹಾಕುದು ಮಾರಾಯ್ತಿ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

“ಅಮ್ಮನ ಬಯಕೆಗೂ ಇದೇ ಹಾಡಾ?” ಎಂದು ಕೇಳಿದೆ.

“ಹೌದು. ನಾನು ಆಗಲೂ ಹೀಗೇ ಹೇಳಿದ್ದೆ. ಎಲ್ಲರೂ ನಗಾಡಿದ್ರು. ಅವಳೊಬ್ಬಳು ನಗಲಿಲ್ಲ.”

ಆಗ ನಿನ್ನ ಹೊಟ್ಟೆಯಲ್ಲಿದ್ದ ಕಾಯಿ ನಾನು.