ಅಣ್ಣನನ್ನು ಮಣ್ಣು ಮಾಡುವ ಮೊದಲು

ಡಾಕ್ಟರ್ ಮರ್ಯುನ್ ಅವರಿಗೆ,

ನಿಮ್ಮ ಎರಡು ಹಲ್ಲು ಉದುರಿಸಿದ ಬ್ರಾಂಡುರ್ ನಾನು. ಪೊಲೀಸ್ ಠಾಣೆಯಿಂದ ಬರೆಯುತ್ತಿದ್ದೇನೆ.

ಊರೆಲ್ಲ ಸೇರಿ ಬೇಟೆಯ ತಿಮಿಂಗಿಲ ಕಡಿದು ಹಂಚಿಕೊಳ್ಳುವ ದಿನ ನಮ್ಮ ನೆಂಟರೆಲ್ಲ ದಂಡೆಯಲ್ಲಿ ಸಿಗುತ್ತಾರೆಂದು ನೀವು ರಕ್ತ ತೆಗೆಯುವ ಸೂಜಿ, ಕೊಳವೆಗಳ ಪೆಟ್ಟಿಗೆ ಹಿಡಿದು ಬಂದಿರಿ. ನಮ್ಮಪ್ಪನ ಹೃದಯ ಏಕಾಏಕಿ ನಿಂತದ್ದಕ್ಕೆ ಡಿಎನ್‌ಎಯಲ್ಲಿನ ಒಂದು ದೋಷ ಕಾರಣವಿರಬಹುದು, ಅದು ಯಾರಲ್ಲಿದೆಯೆಂದು ತಿಳಿದರೆ ಅವರನ್ನು ಉಳಿಸಬಹುದು ಎಂದಿರಿ. ಮೊಣಕೈವರೆಗೂ ತಿಮಿಂಗಿಲದ ರಕ್ತ ಮೆತ್ತಿಕೊಂಡಿದ್ದ ನಾನು, ನಮ್ಮ ರಕ್ತ ಔಷಧ ಕಂಪನಿಗಳ ಸರಕಲ್ಲ ಎಂದು, ನಾನು ಹಂಚುತ್ತಿದ್ದ ಕರಪತ್ರಗಳಲ್ಲಿದ್ದಂತೆಯೇ ಕೂಗಿದೆ.

"ಒಂದು ಚಮಚ ಕಣಪ್ಪ. ಆ ತಿಮಿಂಗಿಲವೂ ಇಷ್ಟು ಒದರ್ಲಿಲ್ಲ!" ಎಂದಿರಿ. ಎಲ್ಲರೂ ನಕ್ಕರು.

ಅಣ್ಣ ಹೊಗ್ನಿ, "ನಾನು ಕೊಟ್ಟಾಯ್ತು. ನೀನೂ ಬಾರೋ, ಕರಪತ್ರದ ಪಂಡಿತ" ಎಂದ.

ಆಗಲೇ ನಾನು ಕೊಕ್ಕೆಗೋಲಿನಿಂದ ನಿಮ್ಮ ಬಾಯಿಗೆ ಹೊಡೆದದ್ದು. ನೀವು ಬಿದ್ದ ಮೇಲೂ ಬಿಡದೆ, ಕೊಳವೆಗಳನ್ನು ಬಂಡೆಯ ಮೇಲೆ ಸುರಿದು ಬೂಟಿನಿಂದ ಪುಡಿಮಾಡಿದೆ. ಅಣ್ಣನ ರಕ್ತದ ಕೊಳವೆಯೂ ಅವುಗಳಲ್ಲೇ ಇತ್ತು.

ನಿನ್ನೆ ದೋಣಿ ಎಳೆಯುವಾಗ ಅಣ್ಣ ಕುಸಿದು ಸತ್ತ. ಮೂವತ್ತೊಂದು ವರ್ಷ.

ಕಂಪನಿಗಳ ಬಗ್ಗೆ ನನ್ನ ಮಾತು ಬದಲಾಗಿಲ್ಲ. ದೂರನ್ನು ಹಿಂತೆಗೆಯಬೇಡಿ. ಆದರೆ ಶನಿವಾರ ಮಣ್ಣು ಮಾಡುವ ಮೊದಲು ಅಣ್ಣನ ರಕ್ತ ತೆಗೆದುಕೊಳ್ಳಿ; ದೋಷ ಯಾವುದೆಂದು ಅದರಲ್ಲಿ ಸಿಕ್ಕರೆ ಉಳಿದವರಲ್ಲಿ ಹುಡುಕಬಹುದು. ನಿಮಗಿನ್ನೂ ಹಾಸಿಗೆಯಿಂದ ಏಳಲಾಗದಿದ್ದರೆ ಬೇರೆಯವರನ್ನು ಕಳಿಸಿ. "ಹೆಣಕ್ಕೂ ಸೂಜಿ ಚುಚ್ತೀರಾ?" ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತರೆ ಈ ಕಾಗದ ತೋರಿಸಿ.

ಅವನ ಮಗಳು ರೂನಾಗೆ ಆರು ವರ್ಷ. ದೋಷ ಅವಳಲ್ಲೂ ಇದ್ದರೆ ಮಾತ್ರೆ ಈಗಲೇ ಶುರುವಾಗಬೇಕು. ಅವಳಿಗೆ ಸೂಜಿಯೆಂದರೆ ನಡುಕ; ಹೆದರಿಸಿಟ್ಟವನು ನಾನೇ. ಅವಳನ್ನು ಠಾಣೆಗೆ ಕರೆತರಲು ಪೊಲೀಸರು ಒಪ್ಪಿದ್ದಾರೆ. ಅವಳ ಕಣ್ಣೆದುರೇ ಮೊದಲು ನನಗೆ ಚುಚ್ಚಿ.

ಹೊಗ್ನಿಯ ತಮ್ಮ,
ಬ್ರಾಂಡುರ್