ಎರಡು ಒತ್ತು

ಜೂನ್ 16, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆಯಿಂದ ಬರೀ ಖಾತೆ ಬದಲಾವಣೆ ಅರ್ಜಿಗಳು. ಎಡ ಮಣಿಕಟ್ಟು ಮತ್ತೆ ಊದಿದೆ. ತೋರುಬೆರಳು ಮಡಚಿದರೆ ಲಟಕ್ ಅನ್ನುತ್ತದೆ. ಪಕ್ಕದ ಟೇಬಲ್ಲಿನ ಅಮೃತೇಶ್ ಊಟಕ್ಕೆ ಹೋಗಿದ್ದಾನೆ. ಸದ್ಯ... ಅವನಿದ್ದರೆ ಈ ಟೈಪಿಂಗ್ ಅಂಗಡಿಯಲ್ಲಿ ಗಾಳಿಯೂ ಕಡಿಮೆ.

ಆನ್‌ಲೈನ್‌ನಲ್ಲಿ ತರಿಸಿದ ಕೀಬೋರ್ಡ್ ಬಂತು. ಕೈಗೆ ಹಿಡಿಸುತ್ತದೋ ಇಲ್ಲವೋ ನೋಡಲು ಏನಾದರೂ ಟೈಪ್ ಮಾಡಬೇಕು. ಊರವರ ಕಷ್ಟ ಹೊಡೆದು ಹೊಡೆದು ಸಾಕಾಗಿದೆ. ನನ್ನದೇ ಹೊಡೆಯುತ್ತೇನೆ. ಫೈಲಿಗೆ ‘ಪಹಣಿ ಹಳೇ ನಮೂನೆ’ ಎಂದು ಹೆಸರಿಟ್ಟಿದ್ದೇನೆ. ಆ ಹೆಸರು ಕಂಡರೆ ಯಾರೂ ತೆರೆಯುವುದಿಲ್ಲ.

ಇದು ನಡುವೆ ಸೀಳಿ ಎರಡು ಕಡೆಗೂ ಬಾಗಿರುವ ಜಾತಿ. ಫೋಟೋದಲ್ಲಿ ಚೆನ್ನಾಗಿತ್ತು. ಟೇಬಲ್ಲಿನ ಎಳೆಯುವ ಹಲಗೆಯಲ್ಲಿ ಕೂರುವುದಿಲ್ಲ, ಮೌಸ್‌ಗೆ ಜಾಗವಿಲ್ಲ. ನಾನು ಬಲಗೈಯಲ್ಲಿ ಒತ್ತುವ ಬಿ ಎಡಗಡೆಯ ತುಂಡಿಗೆ ಹೋಗಿದೆ. ಬಸವಪ್ಪ ಎಂದು ಹೊಡೆದರೆ ಸವಪ್ಪ ಬರುತ್ತದೆ. ಗಿರಾಕಿ ನೋಡಿದರೆ ನನ್ನನ್ನೇ ಹೂಳುತ್ತಾನೆ.

ಮಾಲೀಕರು ಶಂಭುಲಿಂಗಪ್ಪನವರು ಬಂದು ಇಣುಕಿದರು. “ಏನವ್ವ ಕವನ, ಇದು ಲಾರಿ ಅತ್ತೋದಂಗದೆ” ಎಂದು ನಕ್ಕರು. ದುಡ್ಡು ನನ್ನದು, ಕೈ ನನ್ನದು, ನಗು ಮಾತ್ರ ಇವರದು.

ಜೂನ್ 18, ಬುಧವಾರ

ವಾಪಸ್ ಕಳಿಸಿದೆ. ಮತ್ತೆ ಅಂಗಡಿಯ ಹಳೇ ಕೀಬೋರ್ಡ್. ಇದರ ಮೇಲೆ ಇರುವಷ್ಟು ಸಿಟ್ಟು ನನಗೆ ಮನುಷ್ಯರ ಮೇಲೂ ಇಲ್ಲ. ಇದೆ, ಒಬ್ಬಿಬ್ಬರ ಮೇಲೆ.

ಕನ್ನಡ ಹೊಡೆಯುವವರಿಗೆ ಒತ್ತಕ್ಷರ ಬರುವುದು ಎಫ್ ಕೀಯಿಂದ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಯಾರೂ ಎಫ್ ಇಲ್ಲದೆ ಬರುವುದಿಲ್ಲ. ಹಾಗಾಗಿ ಮೊದಲು ಸಾಯುವುದೂ ಅದೇ. ಈ ಅಂಗಡಿಯ ಎರಡು ಕೀಬೋರ್ಡ್‌ಗಳಲ್ಲೂ ಎಫ್ ಒಂದೇ ಸಲಕ್ಕೆ ಬೀಳುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಅರ್ಜಿಯ ಕೊನೆಯಲ್ಲಿ ‘ಮುಂದಿನ ಕ್ರಮಕ್ಕಾಗಿ’ ಎನ್ನುವುದು ‘ಮುಂದಿನ ಕರಮಕ್ಕಾಗಿ’ ಎಂದು ಬಿದ್ದು, ಎದುರಿನ ತಾಲ್ಲೂಕು ಕಚೇರಿವರೆಗೂ ಹೋಯಿತು. ಆಚೆಯವರು ನಕ್ಕರು. ಈಚೆ ಶಂಭುಲಿಂಗಪ್ಪನವರು ಗಿರಾಕಿಗಳ ಮುಂದೆ ನನಗೆ ಬೈದರು. ಕೀಬೋರ್ಡ್ ಬದಲಿಸಿ ಸಾ ಎಂದೆ. ಬೆರಳು ಬದಲಿಸು ಎಂದರು.

ಅವತ್ತಿನಿಂದ ಎಫ್ ಎರಡು ಸಲ. ಟಕ್ ಟಕ್. ಶಂಭುಲಿಂಗಪ್ಪನವರ ಬಾಮೈದ ಅಮೃತೇಶ್ ಕೆಲಸಕ್ಕೆ ಸೇರಿದಾಗ ಮೊದಲ ದಿನ ನಾನು ಕಲಿಸಿದ್ದೂ ಅದನ್ನೇ. ಎಫ್ ಎರಡು ಸಲ ಒತ್ತಿ ಎಂದಿದ್ದೆ. ಕಲಿತ. ನಾನು ಕಲಿಸಿದ್ದರಲ್ಲಿ ಅವನು ಸರಿಯಾಗಿ ಕಲಿತದ್ದು ಅದೊಂದೇ.

ನನ್ನನ್ನು ಅಕ್ಕ ಎನ್ನುತ್ತಾನೆ. ಆದರೆ ಏಕವಚನ. ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು ನಾನು, ಆದರೂ ನನ್ನ ಬಾಯಲ್ಲಿ ಬನ್ನಿ, ಕೂತ್ಕೊಳ್ಳಿ. ಮಾಲೀಕರ ಕಡೆಯವನು. ಸೋಸಲೆಯ ಮರಿತಾಯಮ್ಮನ ಮಗಳಿಗೆ ಬಹುವಚನ ಕೊಟ್ಟರೆ ಇವರ ನಾಲಿಗೆ ಸವೆಯುತ್ತದೆ.

ಜೂನ್ 21, ಶನಿವಾರ

ಹಾಲ್ ಟಿಕೆಟ್ ಬಂತು. ನಂಜನಗೂಡಿನ ಸಹಕಾರಿ ಬ್ಯಾಂಕಿನಲ್ಲಿ ಕನ್ನಡ ಟೈಪಿಸ್ಟ್. ಒಂದೇ ಪೋಸ್ಟ್. ಜುಲೈ 20ಕ್ಕೆ ಸ್ಪೀಡ್ ಟೆಸ್ಟ್, ನಂಜನಗೂಡಿನಲ್ಲೇ. ಒಂದು ಅಕ್ಷರ ತಪ್ಪಿದರೂ ಮಾರ್ಕ್ ಹೋಗುತ್ತದೆ. ಬೇಕಿದ್ದವರು ತಮ್ಮ ಕೀಬೋರ್ಡ್ ತರಬಹುದು ಎಂದು ಕೊನೆಯಲ್ಲಿ ಹಾಕಿದ್ದಾರೆ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ.

ನನ್ನ ವಯಸ್ಸಿಗೆ ಇದೇ ಕೊನೆ ಅವಕಾಶ. ಕೈಗೂ ಇದೇ ಕೊನೆ ಇರಬಹುದು. ಡಾಕ್ಟರು ಹೇಳಿಬಿಟ್ಟರು: ಮಣಿಕಟ್ಟು ನೇರ ಇರಬೇಕು, ಕೀಬೋರ್ಡ್ ತಗ್ಗಾಗಿರಬೇಕು, ಕೀ ಮೆತ್ತಗಿರಬೇಕು, ಇದೇ ರೀತಿ ಕುಟ್ಟುತ್ತಿದ್ದರೆ ಒಂದು ದಿನ ಬೆರಳು ಮಡಚಿದ್ದು ಬಿಡಿಸಲಿಕ್ಕೆ ಆಗುವುದಿಲ್ಲ.

ಅಮೃತೇಶನಿಗೂ ಹಾಲ್ ಟಿಕೆಟ್ ಬಂದಿದೆ. ಭಾವನೇ ಅರ್ಜಿ ಹಾಕಿಸಿದ್ದಾರೆ. ನನಗೂ ಬಂದಿದೆ ಎಂದಾಗ ಶಂಭುಲಿಂಗಪ್ಪನವರ ಮುಖ ನೋಡಬೇಕಿತ್ತು. “ನಿಮ್ಗೇನವ್ವ, ರಿಸರ್ವೇಶನ್ ಅದೆ, ಎಲ್ಲಾದ್ರೂ ಸಿಕ್ತದೆ. ನಮ್ಮುಡುಗ್ನಿಗೆ ಇದೊಂದೇಯ” ಎಂದರು. ಇದು ಜನರಲ್ ಪೋಸ್ಟ್ ಸಾ ಎಂದೆ. ಕೇಳಿಸದವರ ಹಾಗೆ ಜೆರಾಕ್ಸ್ ಮೆಷಿನ್ನಿನ ಮುಚ್ಚಳ ಹಾಕಿದರು.

ಜೂನ್ 24, ಮಂಗಳವಾರ

ಅಮೃತೇಶ್ ಸ್ನೇಹಿತನದೊಂದು ಮೆಕ್ಯಾನಿಕಲ್ ಕೀಬೋರ್ಡ್ ತಂದುಕೊಟ್ಟ. ಹೊಡೆದು ನೋಡು ಅಕ್ಕ, ಸಕತ್ತಾಗದೆ ಅಂದ. ಕೆಳಗಿಂದ ಕೆಂಪು, ನೀಲಿ, ಹಸಿರು ಲೈಟು. ಗಣಪತಿ ಕೂರಿಸುವುದೊಂದು ಬಾಕಿ. ಒಂದೊಂದು ಕೀಗೂ ಕಟಕ್ ಕಟಕ್. ಎತ್ತರ ಬೇರೆ, ಕೈ ಮೇಲಕ್ಕೆ ಮುರಿದು ನಿಲ್ಲುತ್ತದೆ. ಸಂಜೆಯೊಳಗೆ ಮೊಣಕೈವರೆಗೂ ನೋವು ಏರಿತು. ಕೆಡಿಸಲಿಕ್ಕೇ ತಂದನೋ, ಒಳ್ಳೆಯದಕ್ಕೆ ತಂದನೋ. ಒಳ್ಳೆಯದಕ್ಕೆ ಎಂದು ನಂಬಲು ಮನಸ್ಸಿಲ್ಲ.

ಜೂನ್ 29, ಭಾನುವಾರ

ನಂಜನಗೂಡಿಗೆ ಹೋಗಿ ಬಂದೆ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿ. ಪೆಟ್ಟಿಗೆ ಬಿಚ್ಚಿ ಹೊಡೆದು ನೋಡದೆ ತಗೊಳ್ಳಲ್ಲ ಎಂದೆ. ಅಂಗಡಿಯವನು ಗೊಣಗಿದ. ನಾನೂ ಗೊಣಗಿದೆ. ಕೊನೆಗೆ ಸ್ಟೂಲ್ ಹಾಕಿಕೊಟ್ಟ.

ಒಂದರಲ್ಲಿ ಸ್ಪೇಸ್ ಗಟ್ಟಿ. ಒಂದು ಮಕ್ಕಳಾಟಿಕೆಯಷ್ಟು ಚಿಕ್ಕದು. ಇನ್ನೊಂದರಲ್ಲಿ, ನೋಡದೆ ಹೊಡೆಯುವವರಿಗೆಂದು ಎಫ್ ಮೇಲಿರುವ ಉಬ್ಬು ಗೆರೆ ಬೆರಳಿಗೇ ಸಿಗುವುದಿಲ್ಲ, ಮನೆ ಗೊತ್ತಿಲ್ಲದ ಬೆರಳು ಎಲ್ಲಿಗೆ ವಾಪಸ್ ಬರಬೇಕು?

ಆಮೇಲೆ ಇದು. ಕಪ್ಪು. ಅಂದ ಚೆಂದ ಏನೂ ಇಲ್ಲ. ತೆಳ್ಳಗೆ, ತಗ್ಗಾಗಿ, ನಡುವೆ ಅಷ್ಟೇ ಅಷ್ಟು ಬಾಗು. ಹಿಂದಿನ ಕಾಲು ಮಡಚಿಟ್ಟರೆ ಮಣಿಕಟ್ಟು ಮೇಜಿನ ಮೇಲೆ ಮಲಗುತ್ತದೆ. ಕೀ ಒತ್ತಿದ್ದೇ ಗೊತ್ತಾಗುವುದಿಲ್ಲ. ಗಿರಾಕಿಗಳು ನಿಂತಿದ್ದರೂ ಒಂದು ಪುಟ ಹೊಡೆದೆ. ನೋವಿಲ್ಲ. ಕಣ್ಣಲ್ಲಿ ನೀರು ಬಂತು, ನಾಚಿಕೆಯಾಯಿತು. ತಗೊಂಡೆ.

ಜುಲೈ 1, ಮಂಗಳವಾರ. ಮಧ್ಯಾಹ್ನ

ಹೊಸದರಲ್ಲಿ ಹೊಡೆದ ಮೊದಲ ಅರ್ಜಿ ಪ್ರಿಂಟ್ ತೆಗೆದು ನೋಡಿ ಹರಿದು ಹಾಕಿದೆ. ಅದರಲ್ಲಿದ್ದ ಗಿರಾಕಿಯ ಒಂದು ಸಾಲನ್ನು ಇಲ್ಲಿ ತಿದ್ದದೆ ಬಿಡುತ್ತೇನೆ:

ನನ್‌ನ ಅಪ್‌ಪ ಅಮ್‌ಮ ಯಾರೂ ಇಲ್‌ಲ.

ಒತ್ತು ಕೆಳಗೆ ಇಳಿದಿಲ್ಲ. ಹಳೇ ಕೀಬೋರ್ಡಿನಲ್ಲಿ ಎರಡು ಸಲ ಒತ್ತಿದರೆ ಒಂದು ಬೀಳುತ್ತಿತ್ತು. ಇದರಲ್ಲಿ ಎರಡೂ ಬೀಳುತ್ತವೆ. ಎಫ್ ಎರಡು ಬಿದ್ದರೆ ಅಕ್ಷರ ಕೂಡುವುದಿಲ್ಲ, ಬೇರೆ ಬೇರೆ ನಿಲ್ಲುತ್ತದೆ. ಕೀಬೋರ್ಡಿನ ತಪ್ಪಲ್ಲ. ನನ್ನ ಬೆರಳಿನದು. ಈ ಅಂಗಡಿ ನನ್ನ ಬೆರಳಿನೊಳಗೇ ಹೊಕ್ಕಿದೆ. ಶಂಭುಲಿಂಗಪ್ಪನವರು ಬೆರಳು ಬದಲಿಸು ಎಂದಿದ್ದರು, ಬದಲಿಸಿಯೇಬಿಟ್ಟಿದ್ದೆ.

ಜುಲೈ 8, ಮಂಗಳವಾರ

ದಿನವೂ ಊಟದ ಹೊತ್ತಲ್ಲಿ ಬೆರಳಿಗೆ ಪಾಠ. ಅಕ್ಕ, ಅಕ್ಕ, ಅಕ್ಕ. ಒಂದೇ ಸಲ, ಒಂದೇ ಸಲ. ಮೊದಲು ಸ್ಪೀಡ್ ಬಿತ್ತು, ಈಗ ಏರುತ್ತಿದೆ. ಈ ಪ್ಯಾರಾದಲ್ಲಿ ಒಂದೂ ಒಡೆದಿಲ್ಲ. ಊತ ಇಳಿದಿದೆ. ಅವ್ವ ರಾತ್ರಿ ಎಣ್ಣೆ ತಿಕ್ಕುವಾಗ ಬೆರಳು ಮಡಚಿ ಬಿಡಿಸಿ ನೋಡಿದಳು, ಲಟಕ್ ಅನ್ನಲಿಲ್ಲ. ಕೆಲಸ ಸಿಕ್ತದೆ ಬುಡು ಅಂದಳು. ನನಗೂ ಹಾಗೇ ಅನ್ನಿಸಿತು. ಅನ್ನಿಸಬಾರದಿತ್ತು.

ಜುಲೈ 11, ಶುಕ್ರವಾರ

ನಿನ್ನೆ ಅವ್ವನ ಕಣ್ಣು ತೋರಿಸಲು ಮೈಸೂರಿಗೆ ಹೋಗಿದ್ದೆ. ಇವತ್ತು ಬಂದು ನೋಡಿದರೆ ನನ್ನ ಕೀಬೋರ್ಡ್ ಅಮೃತೇಶನ ಟೇಬಲ್ಲಿನಲ್ಲಿ. ನನ್ನ ಮುಂದೆ ಹಳೇ ದರಿದ್ರ.

ಅದು ನನ್ನದು ಎಂದೆ. ಒಂದಿನ ಹೊಡೆದೆ ಅಕ್ಕ, ಬೆಣ್ಣೆ ಇದ್ದಂಗದೆ, ಟೆಸ್ಟ್ ಮುಗಿಯೋಗಂಟ ಇರ್ಲಿ ಅಂದ. ತಲೆ ಎತ್ತಿ ಕೂಡ ನೋಡಲಿಲ್ಲ. ಮಾಲೀಕರ ಹತ್ತಿರ ಹೋದೆ.

“ಅಂಗಡೀಲಿರೋದೆಲ್ಲ ಅಂಗಡೀದೇಯ. ಕೀಬೋರ್ಡ್‌ಗೆಲ್ಲ ಜಗಳ ಆಡ್ತಾರೇನವ್ವ? ಅಂಗಾದ್ರೆ ಸೋಮವಾರದಿಂದ ನೀನು ನಿನ್ ಮನೇಲೇ ಅಂಗಡಿ ಇಟ್ಕೊ.”

ಕಿತ್ತುಕೊಂಡು ಹೊರಟುಬಿಡಬಹುದಿತ್ತು. ವಯರ್ ಹಿಡಿದಿದ್ದೆ ಕೂಡ. ಪೋಸ್ಟ್ ಸಿಗದಿದ್ದರೆ ಮತ್ತೆ ಇಲ್ಲೇ ಬಂದು ಕೂರಬೇಕು, ಅವ್ವನ ಕಣ್ಣಿನ ಆಪರೇಷನ್ ಮುಂದಿದೆ. ಕೈ ಬಿಟ್ಟೆ. ಮೈಯೆಲ್ಲ ಉರಿಯುತ್ತಿದೆ. ಇವರ ವಂಶದ ಪ್ರಿಂಟರುಗಳೆಲ್ಲ ಜಾಮ್ ಆಗಲಿ.

ಜುಲೈ 15, ಮಂಗಳವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಕೈ ಮತ್ತೆ ಊದಿದೆ. ಎಫ್ ಮತ್ತೆ ಎರಡು ಸಲ. ಮರೆಯಲು ವಾರ ಹಿಡಿಯಿತು, ನೆನಪಾಗಲು ಅರ್ಧ ದಿನ ಸಾಕಾಯಿತು.

ಅಮೃತೇಶ್ ಹೊಡೆದದ್ದೆಲ್ಲ ಪ್ರೂಫ್‌ಗೆ ನನ್ನ ಹತ್ತಿರವೇ ಬರುವುದು. ಅವನು ಸ್ಕ್ರೀನ್ ನೋಡದೆ ಹೊಡೆಯುವವನು, ಅದೇ ದೊಡ್ಡ ಜಂಬ. ಹೊಡೆದದ್ದನ್ನು ತಿರುಗಿ ಓದುವುದು ನನ್ನಂಥವರ ಕೆಲಸ. ಇಷ್ಟು ದಿನ ಬರೀ ಟೆಸ್ಟಿಗೆ ಪ್ರ್ಯಾಕ್ಟೀಸ್ ಮಾಡುತ್ತಿದ್ದ, ಇವತ್ತು ಅವನದೊಂದು ಕ್ರಯಪತ್ರದ ಕರಡು ಬಂತು. ಕೆಂಪು ಪೆನ್ ತೆಗೆದುಕೊಂಡೆ.

ಪುಟ್‌ಟಸ್‌ವಾಮಿ. ತಿಮ್‌ಮಯ್‌ಯ. ಚಕ್‌ಕುಬಂದಿ. ಪುಟದ ತುಂಬ.

ಅವನಿಗೂ ಅದೇ ರೋಗ. ನಾನೇ ಹಚ್ಚಿದ್ದು.

ಕೆಂಪು ಪೆನ್ ಕೆಳಗಿಟ್ಟೆ. ಫೈಲ್ ತೆರೆದು ಒಂದೊಂದೇ ಒತ್ತನ್ನು ನಾನೇ ಕೂಡಿಸಿದೆ. ಪ್ರಿಂಟ್ ತೆಗೆದು ಅವನ ಕೈಗೆ ಕೊಟ್ಟೆ. ನೋಡಕ್ಕ, ಒಂದ್ ತಪ್ಪಿಲ್ಲ ಅಂದ. ಚೆನ್ನಾಗಿ ಹೊಡೆದಿದ್ದೀರಿ ಎಂದೆ. ಇಷ್ಟು ಮುತುವರ್ಜಿಯಿಂದ ಯಾರ ತಪ್ಪನ್ನೂ ಇವತ್ತಿನವರೆಗೆ ತಿದ್ದಿರಲಿಲ್ಲ.

ಜುಲೈ 18, ಶುಕ್ರವಾರ

ಮೂರು ದಿನದಿಂದ ಅವನು ಒಡೆಯುತ್ತಾನೆ, ನಾನು ಕೂಡಿಸುತ್ತೇನೆ. ಸ್ಪೀಡ್ ಏರಿದೆಯೆಂದು ಕುಣಿಯುತ್ತಿದ್ದಾನೆ.

ಮಧ್ಯಾಹ್ನ ನನ್ನ ಕೈ ನೋಡಿ ಹೋಗಿ ಮುಲಾಮು ತಂದ. ಅಚ್ಕೊ ಅಕ್ಕ, ಭಾನುವಾರಕ್ಕೆ ಆಗ್ಬೇಕಲ್ಲ ಎಂದು ಟೇಬಲ್ ಮೇಲಿಟ್ಟ. ಅದಕ್ಕೂ ಸಿಟ್ಟು ಬಂತು. ಕೈ ನೋಯಿಸಿದವನು ಇವನು, ಮುಲಾಮೂ ಇವನದೇ. ಕೆಟ್ಟವನಾದರೆ ಪೂರ್ತಿ ಕೆಟ್ಟವನಾಗಿರಲು ಏನು ರೋಗ.

ಒಂದು ಮಾತು ಹೇಳಿದರೆ ಮುಗಿಯಿತು. ಎರಡು ದಿನದಲ್ಲಿ ಸರಿಮಾಡಿಕೊಳ್ಳುತ್ತಾನೆ, ಬೆರಳು ಎಳೆಯದು. ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅವನ ಭಾವ ಬಂದು, ಭಾನುವಾರ ಆ ಹಳೇದನ್ನ ತಗೊಂಡೋಗವ್ವ, ಸೋಮವಾರ ಮರೀದೆ ತಂದಿಡು ಎಂದರು. ಸೋಮವಾರ ನಾನು ಇಲ್ಲೇ ಇರುತ್ತೇನೆ ಎಂದು ಅವರಿಗೆ ಖಾತ್ರಿ.

ಹೇಳಲಿಲ್ಲ. ಹಳೇದನ್ನು ಬ್ಯಾಗಿಗೆ ಹಾಕಿದೆ. ಇದು ಸತ್ತರೂ ಎಲ್ಲಿ ಸತ್ತಿದೆ ಎಂದು ನನಗೆ ಗೊತ್ತು.

ಜುಲೈ 20, ಭಾನುವಾರ. ಬೆಳಿಗ್ಗೆ, ಬಸ್ಸಿನಲ್ಲಿ

ಫೋನಲ್ಲಿ ಹೊಡೆಯುತ್ತಿದ್ದೇನೆ, ಹೆಬ್ಬೆರಳಲ್ಲಿ. ನರಸೀಪುರದಲ್ಲಿ ಅವನೂ ಹತ್ತಿದ. ಸೀಟೆಲ್ಲ ಖಾಲಿ, ಆದರೂ ನನ್ನ ಪಕ್ಕಕ್ಕೇ ಬಂದು ಕೂತ. ತೊಡೆಯ ಮೇಲೆ ನನ್ನ ಕೀಬೋರ್ಡ್, ಟವಲಿನಲ್ಲಿ ಸುತ್ತಿದೆ.

ತಗಡೂರು ದಾಟಿದ ಮೇಲೆ ಮೆಲ್ಲಗೆ ಕೇಳಿದ. ನಿನ್ನೆ ಮನೆಯಲ್ಲಿ ಅವರಕ್ಕನ ಲ್ಯಾಪ್‌ಟಾಪಿಗೆ ಹಾಕಿ ಹೊಡೆದನಂತೆ. ಮೊದಲ ಸಲ ತಾನೇ ಓದಿ ನೋಡಿದನಂತೆ.

“ಒತ್ತೆಲ್ಲ ಬಿಡಿಬಿಡಿಯಾಗಿ ಬಿದ್ದದೆ ಅಕ್ಕ. ಅಂಗಡೀಲಿ ಇಂಗಾಯ್ತಿರ್ಲಿಲ್ಲ. ನಿಂಗೂ ಯಾವಾಗಾದ್ರೂ ಇಂಗಾಗಿತ್ತಾ?”

ಮುಖದಲ್ಲಿ ಬೆವರು. ಭಾವ ಬೈಯುತ್ತಾರೆ ಎನ್ನುವ ಹೆದರಿಕೆ. ನನಗೆ ಆ ಹೆದರಿಕೆ ಗೊತ್ತು. ಎರಡು ವರ್ಷದ ಹಿಂದೆ, ಗಿರಾಕಿಗಳ ಮುಂದೆ, ನನ್ನ ಮುಖವೂ ಹೀಗೇ ಇತ್ತು.

ಇಲ್ಲ ಎಂದೆ.

ಅಂಗಾರೆ ಏನ್ ಮಾಡ್ಲಿ ಅಂದ. ನನ್ನ ಬೆರಳನ್ನೇ ನೋಡುತ್ತಿದ್ದ.

“ಹೊಸದಲ್ವಾ, ಬಿಗಿ ಇರ್ತದೆ. ಎಫ್‌ನ ಗಟ್ಟಿಯಾಗಿ ಎರಡು ಸಲ ಒತ್ತು ಕಣೋ. ಮೊದಲ್ನೇ ದಿನಾನೇ ಹೇಳ್ಕೊಟ್ಟಿಲ್ವಾ ನಾನು?”

ಕಣೋ ಎಂದುಬಿಟ್ಟಿದ್ದೆ. ಅವನಿಗೆ ಅದು ಗೊತ್ತೇ ಆಗಲಿಲ್ಲ. ಹೂಂ ಅಕ್ಕ ಎಂದು ಟವಲಿನ ಮೇಲೆಯೇ ಬೆರಳು ಆಡಿಸುತ್ತಾ ಕೂತ. ಟಕ್ ಟಕ್. ಟಕ್ ಟಕ್. ನಂಜನಗೂಡಿನವರೆಗೂ.

ಸ್ಟ್ಯಾಂಡ್ ಬಂತು. ಎದ್ದ. ನಿನ್ ಕೈ ನೋಯ್ತದೆ, ಕೊಡಿಲ್ಲಿ ಎಂದು ನನ್ನ ಬ್ಯಾಗನ್ನೂ ತಾನೇ ಹೆಗಲಿಗೆ ಹಾಕಿಕೊಂಡು ಇಳಿಯುತ್ತಿದ್ದಾನೆ. ಎರಡೂ ಕೀಬೋರ್ಡ್ ಅವನ ಹತ್ತಿರ. ಕೂಗಿ ಹೇಳಬೇಕು, ಈಗಲಾದರೂ, ಅಮೃತೇಶ್, ಎಫ್ ಒಂದೇ ಸ