ಕೆಸರುಬಾಯಿಯ ಮೊದಲ ಕೂಗು

ಮಾರ್ಚ್ ೧೪, ಶುಕ್ರವಾರ, ಬೆಳಿಗ್ಗೆ

ಪ್ರೀತಿಯ ಬಿಂಗಿ,

ನಾನು ಚೆನ್ನಾಗಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಂಬಿಕೊಂಡೇ ಈ ಕಾಗದ ಶುರು ಮಾಡುತ್ತಿದ್ದೇನೆ. ನಿನ್ನ ಮಕ್ಕಳ ಪುಸ್ತಕದ ಕರಡು ಬಂದು ಇಪ್ಪತ್ತು ದಿನವಾಯಿತು, ತಡವಾಗಿದ್ದಕ್ಕೆ ಬೈಯಬೇಡ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದು, ಆದರೆ ಅಂಗಡಿಯಲ್ಲಿ ಜೊಂಡು ಹೆಣೆಯಬೇಕಾದ ಕುರ್ಚಿ ಇರುವುದು ಎರಡೇ. ಬರೆಯಲು ಕೂತಾಗಲೆಲ್ಲ ಏಳುತ್ತೇನೆ. ನಿನ್ನೆ ಎದ್ದು ನೆನೆಹಾಕಿದ್ದ ಜೊಂಡಿನ ನೀರು ಬದಲಿಸಿದೆ, ಅದಕ್ಕೆ ಅರ್ಧ ಗಂಟೆ ಮುಂಚೆ ಬದಲಿಸಿದ್ದೂ ನಾನೇ. ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮ ಜೌಗಿನ ಕೆಸರುಬಾಯಿಗೆ ನೀನು ಎಂಟು ಪುಟ ಕೊಟ್ಟಿದ್ದೀಯ. ಬೇರೆ ಕಡೆಯ ನೀರುಪಿಶಾಚಿಗಳಿಗೆಲ್ಲ ಮೂರೋ ನಾಲ್ಕೋ, ನಮ್ಮವಳಿಗೆ ಎಂಟು. ಹೆಮ್ಮೆಯಾಯಿತು. ಚಿತ್ರ ಬರೆದವರಿಗೆ ಮಾತ್ರ ಹೇಳು, ಅವಳಿಗೆ ಹಲ್ಲಿಲ್ಲ. ದೋಣಿಯವನು ಅವಳಿಗೆ ಎಮ್ಮೆಯ ಬೆನ್ನಿದೆ ಎಂದು ಆಣೆ ಮಾಡುತ್ತಿದ್ದ. ನಿನ್ನ ಅಜ್ಜಿ ಹೇಳುತ್ತಿದ್ದ ಕೆಸರುಬಾಯಿಗೆ ಮೈಯೇ ಇರಲಿಲ್ಲ. ಬರೀ ಬಾಯಿ, ಜೌಗಿನ ತಳದಲ್ಲಿ ಆಕಳಿಸುತ್ತ ಬಿದ್ದುಕೊಂಡು ಕಾಲು ತೊಳೆಯದೆ ಮಲಗಿದ ಮಕ್ಕಳ ವಾಸನೆ ಹಿಡಿಯುತ್ತಿತ್ತು. ನಮ್ಮ ಮೇಷ್ಟರು ಅದೆಲ್ಲ ಕೆಸರಿನ ಗಾಳಿ, ಗುಳ್ಳೆಯಾಗಿ ಮೇಲೆ ಬರುತ್ತದೆ ಅಷ್ಟೇ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರು. ಶಾಲೆ ಬಿಟ್ಟ ಮೇಲೆ ತಾವು ಮಾತ್ರ ಸುತ್ತುದಾರಿಯಲ್ಲೇ ಮನೆಗೆ ಹೋಗುತ್ತಿದ್ದರು.

ಇದೆಲ್ಲ ಪುಸ್ತಕದಲ್ಲಿ ಹಾಗೇ ಇರಲಿ. ನನ್ನ ತಕರಾರು ಆರನೇ ಪುಟದ್ದು. ಕೆಸರುಬಾಯಿ ನಮಗೆ ಬೇಕಾದವರ ದನಿಯಲ್ಲಿ ಹೆಸರು ಹಿಡಿದು ಕೂಗುತ್ತಾಳೆ, ಆದರೆ ಅವಳ ಉಸಿರು ಒಂದೇ ಕೂಗಿಗೆ ಮುಗಿದುಹೋಗುತ್ತದೆ, ಆದ್ದರಿಂದ ಜೌಗಿನ ಹತ್ತಿರ ಮೊದಲ ಕೂಗಿಗೆ ಓಗೊಡಬಾರದು, ತಿರುಗಿಯೂ ನೋಡಬಾರದು, ಮೂರನೆಯ ಕೂಗು ಬಂದರೆ ಮಾತ್ರ ಅದು ಮನುಷ್ಯರದ್ದು ಎಂದು ಬರೆದಿದ್ದೀಯ. ಇದು ತಲೆತಲಾಂತರದಿಂದ ಬಂದ ನಂಬಿಕೆ ಎಂದು ಕೆಳಗೆ ಟಿಪ್ಪಣಿ ಬೇರೆ.

ಬಿಂಗಿ, ಅದು ತಲೆತಲಾಂತರದ್ದಲ್ಲ. ನನ್ನೊಬ್ಬಳ ತಲೆಯದ್ದು.

ನನಗಾಗ ಹತ್ತು ವರ್ಷ, ನಿನ್ನ ಅಮ್ಮನಿಗೆ ಏಳು. ನಾವಿಬ್ಬರೂ ದಂಡೆಯ ಮೇಲೆ ಆಡುತ್ತಿದ್ದರೆ ನಿನ್ನ ಅಜ್ಜಿ ಗಳಿಗೆಗೊಮ್ಮೆ ಕೂಗುತ್ತಿದ್ದಳು, ನೀರು ತಾ, ಜೊಂಡು ಹರವು, ಕಸ ಬಳಿ. ನಾನು ಮೈಗಳ್ಳಿ. ಒಂದು ದಿನ ಕೇಳಿಸದವಳಂತೆ ಕೂತೇ ಇದ್ದೆ. ಅವಳು ಕೋಲು ಹಿಡಿದು ಬಂದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಮೊದಲ್ನೇ ಸಲ ಕೂಗಿದ್ದು ನೀನೋ ಕೆಸರುಬಾಯಿನೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಅವಳಿಗೆ ಒಂದೇ ಸಲ ಕೂಗೋಕೆ ಬರೋದು."

ಎತ್ತಿದ ಕೋಲು ಅಲ್ಲೇ ನಿಂತಿತು. ನಮ್ಮಮ್ಮ ನಂಬಿದಳು. ಆ ವಾರವೇ ಅಕ್ಕಪಕ್ಕದ ಮನೆಗಳಿಗೆ ಎಚ್ಚರಿಕೆ ಹೋಯಿತು, ವರ್ಷ ತುಂಬುವುದರೊಳಗೆ ದಂಡೆಯ ಜನರೆಲ್ಲ, ಎರಡಕ್ಕಿಂತ ಮೂರು ಭದ್ರವೆಂದು, ಮೂರು ಸಲ ಕೂಗುವುದನ್ನು ರೂಢಿ ಮಾಡಿಕೊಂಡರು. ದೂರದಿಂದ ಕೇಳಿದವರು ಇದೇನು ಕಿವುಡರ ಕೇರಿಯೇ ಎನ್ನಬೇಕು. ಹೊಸದಾಗಿ ಬಂದ ಅಂಚೆಯವನು ಒಂದೊಂದೇ ಸಲ ಕರೆದು, ಯಾರೂ ಹೊರಗೆ ಬಾರದೆ, ಕಾಗದಗಳನ್ನೆಲ್ಲ ವಾಪಸ್ ಒಯ್ದಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ನಾನು ಹೇಳಿದ ಸುಳ್ಳಿಗೆ ಇಷ್ಟೊಂದು ಜನ ತಲೆಬಾಗುತ್ತಾರಲ್ಲ ಎಂದು ಒಳಗೊಳಗೇ ಜಂಬವೂ ಇತ್ತು.

ಇಷ್ಟು ಬರೆದು ಎದ್ದು ಹಿತ್ತಿಲವರೆಗೂ ಹೋಗಿಬಂದೆ. ಹೋದ ವಾರ ಫೋನಿನಲ್ಲಿ ಆ ಸಾಲು ತೆಗೆದುಬಿಡು ಎಂದಾಗ ನೀನು ಹೇಳಿದೆ, "ದೊಡ್ಡಮ್ಮ, ಅಮ್ಮ ಹೋದಾಗ ನಂಗೆ ಐದು ವರ್ಷ. ಅವಳು ಹೇಳಿಕೊಟ್ಟಿದ್ದು ಅಂತ ನಂಗೆ ನೆನಪಿರೋದು ಅದೊಂದೇ."

ನಿನಗೆ ಕೆಮ್ಮು ವಾಸಿಯಾಯಿತೇ ಎಂದು ಏನೋ ಕೇಳಿ ಫೋನಿಟ್ಟೆ. ನಿನ್ನ ಹತ್ತಿರ ಅವಳದ್ದು ಅಂತ ಉಳಿದಿರುವ ಒಂದೇ ಮಾತನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆ ಎಂದು ನನಗೂ ಗೊತ್ತು. ಆದರೂ ಕೇಳುತ್ತಿದ್ದೇನೆ. ಇಪ್ಪತ್ತನಾಲ್ಕರ ಸೋಮವಾರ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಆ ಸಾಲು ಹೊಡೆದುಹಾಕು. ಜೌಗು, ಕೆರೆ, ಹೊಳೆ ಇರುವ ಎಷ್ಟೋ ಕಡೆಯ ಮಕ್ಕಳು ಅದನ್ನು ಓದುತ್ತಾರೆ. ಮಕ್ಕಳು ನಂಬುತ್ತಾರೆ, ಬಿಂಗಿ. ದೊಡ್ಡವರಾದ ಮೇಲೂ ಬಿಡುವುದಿಲ್ಲ. ನೀನೇ ನೋಡು, ಫೋನನ್ನು ಈಗಲೂ ಮೂರು ಸಲ ಗಂಟೆ ಬಾರಿಸಿದ ಮೇಲೇ ಎತ್ತುವುದು.

ನೀನು ಹಿಡಿದ ಕೆಲಸ ಕೈಗೂಡಲಿ. ನಿನ್ನ ಪುಸ್ತಕ ಓದಿದ ಮಕ್ಕಳು ಹೆದರಲಿ, ನಗಲಿ, ಸುಖವಾಗಿ ಮನೆ ಸೇರಲಿ. ನೀನು ನೂರು ಕಾಲ ಬಾಳು. ನನ್ನ ಮೇಲಿನ ಸಿಟ್ಟು ಎಷ್ಟು ದಿನವಾದರೂ ಇಟ್ಟುಕೋ, ಊಟ ಮಾತ್ರ ಬಿಡಬೇಡ.

ನಿನ್ನ,
ದೊಡ್ಡಮ್ಮ

ತಾ.ಕ.: ಕಾಗದವನ್ನು ಲಕೋಟೆಗೆ ಹಾಕಿದ್ದವಳು ಮತ್ತೆ ಹೊರತೆಗೆದೆ. ನಿನ್ನ ಅಮ್ಮ ಕಾಲು ಜಾರಿ ಜೌಗಿಗೆ ಬಿದ್ದಳು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅವಳು ಜಾರಲಿಲ್ಲ. ದಂಡೆಯ ಅಂಚಿನಲ್ಲಿ, ನನಗೆ ಬೆನ್ನು ಹಾಕಿ, ಜೊಂಡಿನ ಹೊರೆ ನೋಡುತ್ತ ನಿಂತಿದ್ದಳು. ಅವಳ ಹಿಮ್ಮಡಿಯ ಹಿಂದೆ ನೆಲ ಬಿರುಕು ಬಿಡುವುದು ನನಗೆ ಕಂಡಿತು. ಹೆಸರು ಹಿಡಿದು ಕೂಗಿದೆ. ತಿರುಗಿ ಒಂದು ಹೆಜ್ಜೆ ಈಚೆ ಇಟ್ಟಿದ್ದರೆ ಸಾಕಿತ್ತು. ಅವಳಿಗೆ ಕೇಳಿಸಿತು, ಬಿಂಗಿ. ತಿರುಗಲಿಲ್ಲ. ನನ್ನನ್ನು ರೇಗಿಸಲೆಂದು ಬೆನ್ನ ಹಿಂದೆ ಕೈ ತಂದು ಒಂದು ಬೆರಳು ಎತ್ತಿ ತೋರಿಸಿದಳು. ಎರಡನೆಯ ಸಲ ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ದಂಡೆಯೇ ಇರಲಿಲ್ಲ.